ಗುಂಪಿನಲ್ಲಿ ಬಂದ ಸುಳ್ಳನ್ನು ಗುಂಪಿನಲ್ಲೇ ತಿದ್ದಬೇಕೇ?

ಪರ: ಅಲ್ಲೇ ತಿದ್ದಿ, ಆ ಹೊತ್ತೇ ತಿದ್ದಿ

ವಾಟ್ಸ್‌ಆ್ಯಪ್ ಗುಂಪೊಂದರಲ್ಲಿ ಈಗ 1024 ಜನರವರೆಗೆ ಇರಬಹುದು. ಅಲ್ಲೊಂದು ಸುಳ್ಳು ವಿಡಿಯೊ ಬಿದ್ದರೆ ಇಬ್ಬರು ಹೌಹಾರುತ್ತಾರೆ, ನಾಲ್ವರು ಇಮೋಜಿ ಒತ್ತುತ್ತಾರೆ, ಉಳಿದವರು ನೋಡಿ ಸುಮ್ಮನಾಗುತ್ತಾರೆ. ತಿದ್ದುವವರ ಗಮನ ಇರಬೇಕಾದದ್ದು ಈ ಸುಮ್ಮನಿರುವವರ ಮೇಲೆ. ವಿಡಿಯೊ ಹಾಕಿದ ಪುಣ್ಯಾತ್ಮ ಒಪ್ಪದೇ ಹೋಗಬಹುದು, ಹೋಗಲಿ. ಒಬ್ಬರಿಗೆ ಹೇಳಿದ ತಿದ್ದುಪಡಿಯನ್ನು ಪಕ್ಕದಲ್ಲಿದ್ದು ಓದಿದವರ ತಿಳಿವಳಿಕೆಯೂ ಸರಿಹೋಗುತ್ತದೆ ಎಂಬುದನ್ನು ಸಂಶೋಧಕರಾದ ಲೆಟಿಸಿಯಾ ಬೋಡೆ ಮತ್ತು ಎಮಿಲಿ ವ್ರಾಗಾ ಹಲವು ಪ್ರಯೋಗಗಳಲ್ಲಿ ತೋರಿಸಿದ್ದಾರೆ. ಖಾಸಗಿಯಾಗಿ ಕಿವಿಯಲ್ಲಿ ಹೇಳಿದರೆ ಈ ಲಾಭ ಸಿಗುವುದಿಲ್ಲ.

ತಿದ್ದಿದರೆ ಜನ ಹಟಕ್ಕೆ ಬಿದ್ದು ಸುಳ್ಳನ್ನೇ ಇನ್ನಷ್ಟು ಗಟ್ಟಿಯಾಗಿ ನಂಬುತ್ತಾರೆ ಎಂಬ ಮಾತು ಇನ್ನೂ ಓಡಾಡುತ್ತಿದೆ. ಅದು ಹುಟ್ಟಿದ್ದು 2010ರಲ್ಲಿ ಸಂಶೋಧಕರಾದ ಬ್ರೆಂಡನ್ ನೈಹನ್ ಮತ್ತು ರೈಫ್ಲರ್ ಪ್ರಕಟಿಸಿದ ಪ್ರಯೋಗದಿಂದ. 2019ರಲ್ಲಿ ವುಡ್ ಮತ್ತು ಪೋರ್ಟರ್ 10,000ಕ್ಕೂ ಹೆಚ್ಚು ಜನರನ್ನು 52 ವಿಷಯಗಳ ಮೇಲೆ ಪರೀಕ್ಷಿಸಿದಾಗ ಆ ತಿರುಗೇಟು ಒಂದು ವಿಷಯದಲ್ಲೂ ಕಾಣಲಿಲ್ಲ. ಹತ್ತು ಸಾವಿರ ಜನ, ಐವತ್ತೆರಡು ವಿಷಯ, ಒಂದೂ ಇಲ್ಲ! ಕೊನೆಗೆ 2021ರಲ್ಲಿ ನೈಹನ್ ಅವರೇ ತಿರುಗೇಟು ಅಪರೂಪವೆಂದು ಬರೆದರು. ಇಷ್ಟಾದ ಮೇಲೂ ಸುಮ್ಮನಿರುವುದಕ್ಕೆ ಅದೇ ನೆಪ.

ಕೆಡುವುದು ತಿದ್ದುವ ರೀತಿಯಲ್ಲಿ. 'ಇದು ಫೇಕ್' ಎಂದಷ್ಟೇ ಬರೆದು ಕೈ ತೊಳೆದುಕೊಳ್ಳುವವರೇ ಹೆಚ್ಚು. 1994ರ ಜಾನ್ಸನ್ ಮತ್ತು ಸೈಫರ್ಟ್ ಪ್ರಯೋಗ ನೋಡಿ. ಗೋದಾಮಿಗೆ ಬೆಂಕಿ ಬಿದ್ದ ವರದಿಯನ್ನು ತುಣುಕು ತುಣುಕಾಗಿ ಓದಿಸಿದರು. ಕೋಣೆಯೊಂದರಲ್ಲಿ ಬಣ್ಣದ ಡಬ್ಬಿ, ಗ್ಯಾಸ್ ಸಿಲಿಂಡರ್ ಇದ್ದವು ಎಂದು ಮೊದಲು ಹೇಳಿ, ಕೋಣೆ ಖಾಲಿಯಿತ್ತು ಎಂದು ಆಮೇಲೆ ತಿದ್ದಿದರು. ತಿದ್ದುಪಡಿ ನೆನಪಿದ್ದವರೂ ದಟ್ಟ ಹೊಗೆಗೆ ಕಾರಣ ಕೇಳಿದರೆ ಬಣ್ಣದ ಡಬ್ಬಿಯತ್ತಲೇ ಬೆರಳು ತೋರಿಸಿದರು. ಬೆಂಕಿ ಹಚ್ಚಿದ ಸುಳಿವು ಸಿಕ್ಕಿದೆ ಎಂದು ಬೇರೆ ಕಾರಣ ಕೊಟ್ಟಾಗ ಹಳೆಯ ಕಾರಣದ ಹಿಡಿತ ಸಡಿಲವಾಯಿತು. ಸುಳ್ಳನ್ನು ಕಿತ್ತ ಜಾಗ ಖಾಲಿ ಬಿಟ್ಟರೆ ಸುಳ್ಳೇ ವಾಪಸ್ ಬಂದು ಕೂರುತ್ತದೆ. 'ಇದು ಇಲ್ಲಿಯದಲ್ಲ' ಎಂದರೆ ಸಾಲದು, 'ಇದು ಇಂಥ ಕಡೆ, ಇಂಥ ವರ್ಷ ಆದದ್ದು' ಎನ್ನಬೇಕು.

ಅದನ್ನು ಹುಡುಕುವುದು ಹತ್ತು ಹದಿನೈದು ನಿಮಿಷದ ಕೆಲಸ. ವಿಡಿಯೊವನ್ನು ಮೂರು ನಾಲ್ಕು ಕಡೆ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆಯಿರಿ. ಕಂಪ್ಯೂಟರ್ ಇದ್ದರೆ ಇನ್‌ವಿಡ್ ಉಪಕರಣವೇ ಮುಖ್ಯ ಚಿತ್ರಗಳನ್ನು ಬಿಡಿಸಿ ಕೊಡುತ್ತದೆ. ಜನರ ಮುಖಕ್ಕಿಂತ ಅಂಚುಗಳು ಮುಖ್ಯ: ಅಂಗಡಿ ಬೋರ್ಡು, ವಾಹನದ ನಂಬರ್ ಪ್ಲೇಟು, ಸಮವಸ್ತ್ರ, ನೆರಳು. ಆ ಭಾಗಗಳನ್ನು ಬೇರೆಬೇರೆಯಾಗಿ ಕತ್ತರಿಸಿ ಚಿತ್ರ ಕೊಟ್ಟರೆ ಅಂಥದ್ದೇ ಚಿತ್ರ ಹುಡುಕಿಕೊಡುವ ಗೂಗಲ್ ಲೆನ್ಸ್, ಯಾಂಡೆಕ್ಸ್, ಟಿನ್‌ಐ ಮೂರರಲ್ಲೂ ಹುಡುಕಿ. ಒಂದರಲ್ಲಿ ಸಿಗದ್ದು ಇನ್ನೊಂದರಲ್ಲಿ ಸಿಗುತ್ತದೆ. ಎಲ್ಲೂ ಸಿಗದಿದ್ದರೆ ಚಿತ್ರವನ್ನು ಎಡಬಲ ತಿರುಗಿಸಿ ಹುಡುಕಿ, ಹಾಗೆ ತಿರುಗಿಸಿ ಹರಿಬಿಡುವುದು ಹಳೆಯ ಚಾಳಿ. ಟಿನ್‌ಐಯಲ್ಲಿ ಹಳೆಯದು ಮೊದಲು ಬರುವಂತೆ ಜೋಡಿಸಬಹುದು. ಆದರೆ ಅಲ್ಲಿರುವ ತಾರೀಕು ಚಿತ್ರ ತೆಗೆದ ದಿನದ್ದಲ್ಲ, ಅದು ಟಿನ್‌ಐ ಕಣ್ಣಿಗೆ ಮೊದಲು ಬಿದ್ದ ದಿನದ್ದು. ಇಲ್ಲಿ ಎಡವುವವರು ಬಹಳ. ಇನ್ನು, ವಾಟ್ಸ್‌ಆ್ಯಪ್‌ನಲ್ಲಿ ಫೋಟೊವಾಗಿ ಬಂದದ್ದರಲ್ಲಿ ಕ್ಯಾಮೆರಾ ಬರೆದಿಟ್ಟ ಸ್ಥಳ, ಸಮಯಗಳು ಅಳಿಸಿಹೋಗಿರುತ್ತವೆ. ಅವು ಬೇಕೆಂದರೆ ಮೂಲ ಕಡತವನ್ನು ಡಾಕ್ಯುಮೆಂಟ್ ಆಗಿ ತರಿಸಿಕೊಳ್ಳಬೇಕು.

ಬರೆಯುವಾಗ ನಾಲ್ಕೇ ಸಾಲು. ನಿಜ ಮೊದಲು, ಸುಳ್ಳು ಒಂದೇ ಸಲ, ಅದು ಹೇಗೆ ಯಾಮಾರಿಸಿತು ಎಂಬುದು, ಮತ್ತೆ ನಿಜ. ಸುಳ್ಳು ಚಿತ್ರವನ್ನು ಹಾಕಲೇಬೇಕಾದರೆ ನಟ್ಟನಡುವೆ ಅಡ್ಡ ಗೆರೆ ಎಳೆದು ಹಾಕಿ. ಮೂಲೆಯಲ್ಲಿ 'ಸುಳ್ಳು' ಎಂದು ಮುದ್ರೆ ಒತ್ತಿದರೆ ಮುಂದಿನವರು ಮೂಲೆ ಕತ್ತರಿಸಿ ಕಳಿಸುತ್ತಾರೆ.

ತಡವಂತೂ ಸಲ್ಲ. ಟ್ವಿಟರ್‌ನ 2006ರಿಂದ 2017ರವರೆಗಿನ ಸುಮಾರು 1,26,000 ಸುದ್ದಿಸರಣಿಗಳನ್ನು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಮೂವರು ಸಂಶೋಧಕರು ಪರಿಶೀಲಿಸಿದರು. 1500 ಜನರನ್ನು ಮುಟ್ಟಲು ನಿಜಕ್ಕೆ ಸುಳ್ಳಿಗಿಂತ ಸುಮಾರು ಆರು ಪಟ್ಟು ಸಮಯ ಬೇಕಾಗಿತ್ತು.

ತಿದ್ದಿದರೆ ಸುಳ್ಳಿಗೇ ಪ್ರಚಾರ ಎನ್ನುವವರೂ ಇದ್ದಾರೆ. ಅವರ ಲೆಕ್ಕದಲ್ಲಿ ಹೊತ್ತಿ ಉರಿಯುವ ಮನೆಯ ಮುಂದೆ ನಿಂತು ಕೂಗಿದರೆ ಅದೂ ಬೆಂಕಿಗೆ ಪ್ರಚಾರವೇ.

ವಿರೋಧ: ತಿದ್ದುವ ಮೊದಲು ಬಾಣ ಎಣಿಸಿ

ತಿದ್ದುಪಡಿಯಿಂದ ಏನೂ ಆಗದು ಎಂದು ವಾದಿಸಲು ಆಧಾರ ಸಿಗುವುದಿಲ್ಲ. ಹಾಗಾಗಿ ವಿರೋಧದ ಪಾಲಿಗೆ ಬಂದಿರುವ ಈ ಲೇಖನ ಅಷ್ಟು ದೂರ ಹೋಗುವುದೂ ಇಲ್ಲ. ಕಂಡದ್ದನ್ನೆಲ್ಲ, ಎಲ್ಲರೆದುರಿಗೇ ತಿದ್ದಬೇಕೇ ಎಂಬಲ್ಲಿ ಮಾತ್ರ ತಕರಾರು.

ವಾಟ್ಸ್‌ಆ್ಯಪ್‌ನಲ್ಲಿ ಸಂದೇಶವೊಂದು ಐದು ಕೈ ದಾಟಿದರೆ ಎರಡು ಬಾಣದ ಗುರುತು ಬೀಳುತ್ತದೆ. ಅದಿಲ್ಲದಿದ್ದರೆ ಸುಳ್ಳು ಇನ್ನೂ ಮೊಳಕೆಯಲ್ಲಿರಬಹುದು. ಕಳಿಸಿದವರಿಗೊಂದು ಮಾತು ಹೇಳಿ ಅಳಿಸಲು ಕೇಳಿದರೆ ಮುಗಿಯಿತು. (ಯಾರಾದರೂ ಕಾಪಿ ಮಾಡಿ ಹೊಸದಾಗಿ ಹಾಕಿದರೆ ಆ ಎಣಿಕೆ ಸೊನ್ನೆಯಿಂದ ಶುರುವಾಗುತ್ತದೆ, ಆದ್ದರಿಂದ ಬಾಣವನ್ನೇ ಪೂರ್ತಿ ನಂಬುವಂತಿಲ್ಲ.) ಸಾರ್ವಜನಿಕ ಜಾಲತಾಣಗಳಲ್ಲಿ ತೊಂದರೆ ಹೆಚ್ಚು. ಅಲ್ಲಿ ಬೈದು ಬರೆದ ಕಮೆಂಟೂ ಕಮೆಂಟೇ. ಏನನ್ನು ಮೇಲೆ ತೋರಿಸಬೇಕೆಂದು ನಿರ್ಧರಿಸುವ ಯಂತ್ರಕ್ಕೆ ಹೊಗಳಿಕೆ, ತೆಗಳಿಕೆ ಎರಡೂ ಜನ ಸೇರಿದ್ದಾರೆ ಎಂಬ ಸೂಚನೆ.

ಎಲ್ಲರೆದುರು ತಿದ್ದಿಸಿಕೊಂಡವರ ಕಥೆಯೂ ಇದೆ. 2021ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಸುಳ್ಳು ರಾಜಕೀಯ ಸುದ್ದಿ ಹಂಚಿದ್ದ ಸುಮಾರು 2,000 ಟ್ವಿಟರ್ ಬಳಕೆದಾರರಿಗೆ ಸಭ್ಯವಾಗಿಯೇ ಫ್ಯಾಕ್ಟ್‌ಚೆಕ್ ಕೊಂಡಿ ಕಳಿಸಲಾಯಿತು. ನಂತರದ 24 ಗಂಟೆಗಳಲ್ಲಿ ಅವರು ಮರುಹಂಚಿದ ಸುದ್ದಿಗಳ ಗುಣಮಟ್ಟ ಇಳಿಯಿತು, ಭಾಷೆ ಒರಟಾಯಿತು. ನಂಬಿಕೆಯಲ್ಲಿ ತಿರುಗೇಟು ಇಲ್ಲದಿರಬಹುದು, ಮುಖಭಂಗಕ್ಕೆ ಇದ್ದೇ ಇದೆ. ಇನ್ನು ಬ್ರೆಂಡನ್ ನೈಹನ್ ಅವರ 2021ರ ಲೇಖನವನ್ನು ಉಲ್ಲೇಖಿಸುವವರು ಅದರಲ್ಲಿರುವ ಇನ್ನೊಂದು ಮಾತನ್ನು ಬಿಟ್ಟುಬಿಡುತ್ತಾರೆ: ತಿದ್ದುಪಡಿಯ ಲಾಭ ಬಹಳ ಸಲ ಬಾಳುವುದಿಲ್ಲ.

ಗಾಳಿಸುದ್ದಿಯ ಹಬ್ಬುವಿಕೆಗೆ ಮನಶ್ಶಾಸ್ತ್ರಜ್ಞರಾದ ಆಲ್‌ಪೋರ್ಟ್ ಮತ್ತು ಪೋಸ್ಟ್‌ಮನ್ 1947ರಲ್ಲೇ ಒಂದು ಸೂತ್ರ ಕೊಟ್ಟಿದ್ದರು: ವಿಷಯದ ಮಹತ್ವ ಗುಣಿಸು ಅಸ್ಪಷ್ಟತೆ. ಇಲ್ಲಿ ಇರುವುದು ಕೂಡುವ ಲೆಕ್ಕವಲ್ಲ, ಗುಣಿಸುವ ಲೆಕ್ಕ. ಎರಡರಲ್ಲಿ ಒಂದು ಸೊನ್ನೆಯಾದರೂ ಗುಲ್ಲು ಏಳುವುದಿಲ್ಲ. ಅಧಿಕೃತರು ಬಾಯಿ ಬಿಡದ ಹೊತ್ತಿನಲ್ಲಿ ಜನ ತಾವೇ ಸೇರಿ ಸುದ್ದಿ ಕಟ್ಟಿಕೊಳ್ಳುತ್ತಾರೆ ಎಂದು ಸಮಾಜಶಾಸ್ತ್ರಜ್ಞ ಶಿಬುತಾನಿ 1966ರಲ್ಲಿ ವಿವರಿಸಿದರು. ಹಾಗಿರುವಾಗ ಒಂದೊಂದು ಸುಳ್ಳನ್ನೇ ಹಿಡಿದು ಬಡಿಯುವ ಬದಲು ಜನ ನಿಜಕ್ಕೂ ಕೇಳುತ್ತಿರುವ ಪ್ರಶ್ನೆಗೆ, ಅಂದರೆ ನೀರು ಕುಡಿಯಬಹುದೇ, ರಸ್ತೆ ತೆರೆದಿದೆಯೇ ಎಂಬುದಕ್ಕೆ, ಸುಳ್ಳಿನ ಹೆಸರೆತ್ತದೆ ಉತ್ತರ ಹಾಕಬಹುದು.

ಶಾರ್ಕ್ ವಿಷಯ ಹೇಳದೆ ಈ ಚರ್ಚೆ ಬಿಡುವಂತಿಲ್ಲ. ನೆರೆನೀರು ತುಂಬಿದ ರಸ್ತೆಯಲ್ಲಿ ಕಾರಿನ ಪಕ್ಕ ಈಜುವ ಶಾರ್ಕ್‌ನ ಚಿತ್ರ 2011ರಲ್ಲಿ ಐರೀನ್ ಚಂಡಮಾರುತದ ವೇಳೆ ಪೋರ್ಟೊ ರಿಕೊದ್ದೆಂದು ಓಡಾಡಿತು. ಕಯಾಕ್ ದೋಣಿಯೊಂದನ್ನು ಹಿಂಬಾಲಿಸುತ್ತಿದ್ದ ಶಾರ್ಕ್‌ನ ಹಳೆಯ ಫೋಟೊದಿಂದ ಕತ್ತರಿಸಿ ಅಂಟಿಸಿದ್ದು ಅದು. 2017ರ ಹ್ಯೂಸ್ಟನ್ ನೆರೆಯಲ್ಲಿ ಮತ್ತೆ ಬಂತು. ಪ್ರತಿ ಸಲವೂ ತಿದ್ದಿದವರು ತಿದ್ದಿದರು, 'ಬೀದಿಯ ಶಾರ್ಕ್' ಎಂದರೆ ಸುಳ್ಳು ಎಂಬುದು ಬಾಯಿಪಾಠವಾಯಿತು. 2022ರ ಸೆಪ್ಟೆಂಬರ್‌ನಲ್ಲಿ ಇಯಾನ್ ಚಂಡಮಾರುತ ಬಂದಾಗ ಫ್ಲೋರಿಡಾದ ಫೋರ್ಟ್ ಮೈಯರ್ಸ್‌ನಲ್ಲಿ ಹಿತ್ತಲಿನ ನೆರೆನೀರಲ್ಲಿ ರೆಕ್ಕೆ ಬಡಿಯುವ ದೊಡ್ಡ ಮೀನಿನ ವಿಡಿಯೊ ಹೊರಬಿತ್ತು. ಅದೇ ಹಳೇ ಶಾರ್ಕ್ ಎಂದು ಜನ ನಕ್ಕರು. ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ಮೂಲ ಕಡತವನ್ನು ತರಿಸಿ ಅದರೊಳಗಿನ ಸಮಯ ನೋಡಿತು. ವಿಡಿಯೊ ಆ ಬೆಳಗ್ಗೆಯದೇ ಆಗಿತ್ತು. ಆ ಮೀನು ಶಾರ್ಕ್ ಹೌದೋ ಅಲ್ಲವೋ ಎಂಬುದರಲ್ಲಿ ತಜ್ಞರಿಗೆ ಒಮ್ಮತ ಇರಲಿಲ್ಲ, ವಿಡಿಯೊ ಮಾತ್ರ ಅಸಲಿ.