ಒಬ್ಬರಿಗೆ ಚಿಕ್ಕ ವಯಸ್ಸಿನಲ್ಲೇ ಹಾರ್ಟ್ ಅಟ್ಯಾಕ್: ಮನೆಮಂದಿಗೆಲ್ಲ ಜೀನ್ ಟೆಸ್ಟ್ ಬೇಕಾ?

ಪರ: ಬೇಕು, ಮಕ್ಕಳಿಗಂತೂ ಬೇಕೇ ಬೇಕು

ನಲವತ್ತಕ್ಕೇ ಹಾರ್ಟ್ ಅಟ್ಯಾಕ್ ಆದರೆ ನಾವು ಟೆನ್ಷನ್, ಸಿಗರೇಟು, ಹೋಟೆಲ್ ಊಟ ಅಂತ ಕಾರಣ ಹುಡುಕುತ್ತೇವೆ. ಅಪ್ಪ ಅಮ್ಮನಿಂದ ಬಂದಿದ್ದೇನು ಎಂದು ಕೇಳುವವರು ಕಡಿಮೆ. ಸುಮಾರು 250 ಜನರಲ್ಲಿ ಒಬ್ಬರಿಗೆ ಕೆಟ್ಟ ಕೊಲೆಸ್ಟ್ರಾಲ್, ಅಂದರೆ ಎಲ್‌ಡಿಎಲ್, ಹುಟ್ಟಿದಾಗಿನಿಂದಲೇ ಜಾಸ್ತಿ ಇರುತ್ತದೆ. ವಂಶದಿಂದ ಬರುವ ಇದನ್ನು ಡಾಕ್ಟರುಗಳು ಫ್ಯಾಮಿಲಿಯಲ್ ಹೈಪರ್‌ಕೊಲೆಸ್ಟೆರೋಲೀಮಿಯಾ, ಚಿಕ್ಕದಾಗಿ ಎಫ್‌ಎಚ್ ಎನ್ನುತ್ತಾರೆ.

ಲಿವರ್‌ನ ಜೀವಕೋಶಗಳ ಮೇಲಿನ ರಿಸೆಪ್ಟರ್‌ಗಳು ರಕ್ತದಲ್ಲಿರುವ ಎಲ್‌ಡಿಎಲ್ ಅನ್ನು ಹಿಡಿದು ಒಳಗೆಳೆದುಕೊಳ್ಳುತ್ತವೆ. ಇದನ್ನು ತೋರಿಸಿಕೊಟ್ಟ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್‌ಗೆ 1985ರಲ್ಲಿ ನೊಬೆಲ್ ಬಂತು. ಈ ರಿಸೆಪ್ಟರ್‌ನ ಜೀನ್ ಕೆಟ್ಟಿದ್ದರೆ ಎಲ್‌ಡಿಎಲ್ ರಕ್ತದಲ್ಲೇ ಉಳಿಯುತ್ತದೆ. ತುಪ್ಪ, ಮಾಂಸ ಎಲ್ಲ ಬಿಟ್ಟರೂ ಸಾಲುವುದಿಲ್ಲ. ತಂದೆ ತಾಯಿಯಲ್ಲಿ ಒಬ್ಬರಿಗೆ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ.

ರಕ್ತದ ಕೊಲೆಸ್ಟ್ರಾಲ್ ಅಳೆಯುವ ಲಿಪಿಡ್ ಟೆಸ್ಟ್ ಸಾಕಲ್ವಾ ಎನ್ನುವವರು ಒಂದು ಮಾತು ಮರೆಯುತ್ತಾರೆ. 2016ರ ಒಂದು ದೊಡ್ಡ ಅಧ್ಯಯನ ಎಲ್‌ಡಿಎಲ್ 190 (ಡೆಸಿಲೀಟರ್‌ಗೆ ಮಿಲಿಗ್ರಾಂ ಲೆಕ್ಕದಲ್ಲಿ) ದಾಟಿದವರನ್ನು ನೋಡಿತು. ಎಲ್‌ಡಿಎಲ್ 130ಕ್ಕಿಂತ ಕಡಿಮೆ ಇದ್ದು ಜೀನ್ ದೋಷವೂ ಇಲ್ಲದವರಿಗೆ ಹೋಲಿಸಿದರೆ, 190 ದಾಟಿಯೂ ಜೀನ್ ದೋಷ ಇಲ್ಲದವರಲ್ಲಿ ಹೃದ್ರೋಗದ ಅಪಾಯ 6 ಪಟ್ಟು. ಜೊತೆಗೆ ಎಫ್‌ಎಚ್ ಜೀನ್ ದೋಷವೂ ಇದ್ದರೆ 22 ಪಟ್ಟು! ಇಬ್ಬರ ರಿಪೋರ್ಟಿನಲ್ಲೂ ಸಂಖ್ಯೆ ಹೆಚ್ಚುಕಡಿಮೆ ಅದೇ ಇರಬಹುದು. ಆದರೆ ಜೀನ್ ಕೆಟ್ಟವರ ರಕ್ತನಾಳ ಆ ಭಾರವನ್ನು ತೊಟ್ಟಿಲಿನಿಂದಲೇ ಹೊತ್ತಿದೆ.

ಬೇಗ ಗೊತ್ತಾದರೆ ಆಗುವ ಲಾಭಕ್ಕೆ ನೆದರ್ಲೆಂಡ್ಸ್ ಸಾಕ್ಷಿ. ಅಲ್ಲಿ ಎಫ್‌ಎಚ್ ಇದ್ದ ಮಕ್ಕಳಿಗೆ ಚಿಕ್ಕಂದಿನಲ್ಲೇ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಶುರು ಮಾಡಿ ಇಪ್ಪತ್ತು ವರ್ಷ ಗಮನಿಸಿದರು. 39ನೇ ವಯಸ್ಸಿನ ಹೊತ್ತಿಗೆ ಅವರಲ್ಲಿ 1%ಗೆ ಮಾತ್ರ ಹೃದಯ, ರಕ್ತನಾಳದ ತೊಂದರೆ ಬಂದಿತ್ತು. ಅದೇ ದೋಷವಿದ್ದ ಅವರ ತಂದೆ ತಾಯಂದಿರಲ್ಲಿ ಆ ವಯಸ್ಸಿಗೆ 26%. ಇಷ್ಟು ತಿಳಿದ ಮೇಲೂ ಮಗುವಿನ ಜೀನ್ ನೋಡದೆ ಕೂರುವುದು ನನ್ನ ಮಟ್ಟಿಗೆ ಒಪ್ಪುವ ಮಾತಲ್ಲ.

ವಿರೋಧ: ಮೊದಲು ಲಿಪಿಡ್ ಟೆಸ್ಟ್ ಮಾಡಿಸಿ

ಮನೆಮಂದಿಯನ್ನು ಪರೀಕ್ಷಿಸಬೇಕು, ನಿಜ. ಅದಕ್ಕೆ ಜೀನ್ ಟೆಸ್ಟೇ ಆಗಬೇಕೆಂಬುದಕ್ಕೆ ನನ್ನ ವಿರೋಧ. 2025ರ ಜುಲೈನಲ್ಲಿ ಹಾಸನದ ಹಾರ್ಟ್ ಅಟ್ಯಾಕ್ ಸಾವುಗಳ ಸುದ್ದಿ ಹಬ್ಬಿದಾಗ ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ಜನ ಸಾಲುಗಟ್ಟಿದರು. ಅಂಥ ಭಯದ ನಡುವೆ ದುಬಾರಿ ಟೆಸ್ಟ್ ಮಾರುವುದು ಸುಲಭ. ಲಿಪಿಡ್ ಟೆಸ್ಟ್ ಕೆಲವೇ ನೂರು ರೂಪಾಯಿಗೆ, ತಾಲೂಕು ಕೇಂದ್ರದ ಲ್ಯಾಬಿನಲ್ಲೂ ಆಗುತ್ತದೆ. ಸ್ಲೊವೇನಿಯಾ 1990ರ ದಶಕದಲ್ಲೇ ಐದು ವರ್ಷದ ಮಕ್ಕಳ ಕೊಲೆಸ್ಟ್ರಾಲ್ ನೋಡಲು ಶುರು ಮಾಡಿತು. ಅಲ್ಲೂ ಮೊದಲು ನೋಡುವುದು ಕೊಲೆಸ್ಟ್ರಾಲ್. ಜೀನ್ ಸರದಿ ಆಮೇಲೆ.

ಜೀನ್ ರಿಪೋರ್ಟ್ ಎಂದರೆ ಹೌದು ಅಥವಾ ಇಲ್ಲ ಎಂದು ಜನ ತಿಳಿಯುತ್ತಾರೆ. ಎಷ್ಟೋ ಸಲ 'ಬದಲಾವಣೆ ಕಂಡಿದೆ, ಅರ್ಥ ಸ್ಪಷ್ಟವಿಲ್ಲ' ಎಂದು ಬರುತ್ತದೆ. ಇಂಥ ಮಾಹಿತಿಯ ಬಹುಪಾಲು ಯುರೋಪ್ ಮೂಲದವರದು. ಹಾಗಾಗಿ ಭಾರತೀಯರಿಗೆ ಈ ಗೊಂದಲ ಜಾಸ್ತಿ. ಏನೂ ಸಿಗಲಿಲ್ಲ ಎಂಬ ರಿಪೋರ್ಟ್ ಇನ್ನೂ ಅಪಾಯ. ಎಫ್‌ಎಚ್ ಲಕ್ಷಣ ಪೂರ್ತಿ ಇದ್ದರೂ ಹಲವರಲ್ಲಿ ಯಾವ ಜೀನ್ ದೋಷವೂ ಕಾಣುವುದಿಲ್ಲ. ಅಂಥವರು ಬಚಾವಾದೆ ಎಂದುಕೊಂಡು ಮಾತ್ರೆ ನಿಲ್ಲಿಸಿದರೆ?

ರಕ್ತದಲ್ಲಿ ಜಾಸ್ತಿಯಾದರೆ ಹೃದ್ರೋಗದ ಅಪಾಯ ಹೆಚ್ಚಿಸುವ, ಎಲ್‌ಡಿಎಲ್‌ನಂಥದ್ದೇ ಕಣ ಲೈಪೊಪ್ರೋಟೀನ್ ಎ ಇನ್ನೊಂದು ವಿಷಯ. ಇದೂ ವಂಶದಿಂದ ಬರುತ್ತದೆ. ಜಗತ್ತಿನಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಜಾಸ್ತಿ. ಊಟ, ವ್ಯಾಯಾಮದಿಂದ ಹೆಚ್ಚೇನೂ ಇಳಿಯುವುದಿಲ್ಲ. ಇದನ್ನೂ ಜೀನ್ ಟೆಸ್ಟ್ ಇಲ್ಲದೆ ರಕ್ತಪರೀಕ್ಷೆಯಲ್ಲೇ ಅಳೆಯಬಹುದು.

ಇನ್ನು ಸಂಬಂಧ ಹುಡುಕುವ ಮನೆಗಳ ಮಾತು. ಹೆಣ್ಣುಮಗಳ ಜೀನಿನಲ್ಲಿ ದೋಷ ಇದೆ ಎಂಬ ಸುದ್ದಿ ನೆಂಟರ ಬಾಯಿಗೆ ಬಿದ್ದರೆ ಏನಾಗುತ್ತದೆ ಎಂದು ನಮಗೆಲ್ಲ ಗೊತ್ತು. ವಿಮೆಯದೂ ಅದೇ ಕಥೆ. ವಂಶವಾಹಿ ಕಾಯಿಲೆ ಎಂದು ಒಬ್ಬ ಹೃದ್ರೋಗಿಗೆ ಹಣ ನಿರಾಕರಿಸಿದ ವಿಷಯ ದೆಹಲಿ ಹೈಕೋರ್ಟ್ ತನಕ ಹೋಯಿತು. 2018ರಲ್ಲಿ ತೀರ್ಪು ರೋಗಿಯ ಪರ ಬಂತು. ಆದರೂ ಜೀನ್ ನೋಡಿ ತಾರತಮ್ಯ ಮಾಡುವುದನ್ನು ತಡೆಯಲು ಅಮೆರಿಕ 2008ರಲ್ಲಿ ಮಾಡಿದಂಥ ಪ್ರತ್ಯೇಕ ಕಾನೂನು ನಮ್ಮಲ್ಲಿಲ್ಲ.

ಮಗುವಿಗೆ ಸ್ಟ್ಯಾಟಿನ್ ಬೇಕೋ ಬೇಡವೋ ಎಂದು ಡಾಕ್ಟರ್ ನಿರ್ಧರಿಸಲು ಹೆಚ್ಚಿನ ಮನೆಗಳಲ್ಲಿ ಎರಡು ಲಿಪಿಡ್ ರಿಪೋರ್ಟ್, ಮನೆತನದ ವಿವರ ಸಾಕು. ಅಷ್ಟೂ ಆಗದ ಮನೆಗಳೇ ನಮ್ಮಲ್ಲಿ ಜಾಸ್ತಿ.