ಸ್ಪಷ್ಟನೆ: ಹೊಟ್ಟೆಯ ಕೊಬ್ಬು ಚುಚ್ಚಿದರೆ ಮೂಳೆ ಬೆಳೆಯುವುದಿಲ್ಲ

‘ಹೊಟ್ಟೆಯ ಕೊಬ್ಬು ತೆಗೆದು ಸವೆದ ಮೂಳೆಗೆ ಚುಚ್ಚಿದರೆ ಹೊಸ ಮೂಳೆ ಬೆಳೆಯುತ್ತದೆ, ಶಸ್ತ್ರಚಿಕಿತ್ಸೆಯೇ ಬೇಡ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ತಪ್ಪು. ಆದರೆ ಇದರ ಹಿಂದಿರುವ ವಿಜ್ಞಾನ ಸುಳ್ಳಲ್ಲ. ನೊಂದವರು ನಂಬುವುದೂ ಅದಕ್ಕೇ.

ಕೊಬ್ಬಿನಲ್ಲಿ ಮೂಳೆಯ ಕೋಶಗಳಾಗಬಲ್ಲ ಕಾಂಡಕೋಶಗಳಿವೆ (ಸ್ಟೆಮ್ ಸೆಲ್, ಬೇರೆ ಬಗೆಯ ಕೋಶಗಳಾಗಿ ಬದಲಾಗಬಲ್ಲ ಮೂಲಕೋಶಗಳು) ಎಂದು ಅಮೆರಿಕದ ಸಂಶೋಧಕರು 2001ರಲ್ಲಿ ತೋರಿಸಿದರು. ಅವು ತಾವಾಗಿ ಮೂಳೆಯಾಗುವುದಿಲ್ಲ. ಕೊಬ್ಬನ್ನು ಕಿಣ್ವದಿಂದ ಬಿಡಿಸಿ, ಬೇರ್ಪಡಿಸಿದ ಕೋಶಗಳನ್ನು ಪ್ರಯೋಗಾಲಯದ ತಟ್ಟೆಯಲ್ಲಿ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಔಷಧ, ವಿಟಮಿನ್ ಸಿ ಮತ್ತು ಫಾಸ್ಫೇಟ್ ಒದಗಿಸುವ ದ್ರವದಲ್ಲಿ ಎರಡು-ಮೂರು ವಾರ ಬೆಳೆಸಿ ಅಲಿಜರಿನ್ ಬಣ್ಣ ಹಾಕಿದರೆ, ತಟ್ಟೆಯ ತಳದಲ್ಲಿ ಕ್ಯಾಲ್ಸಿಯಂ ಕಣಗಳು ಕೆಂಪಗೆ ಕಾಣುತ್ತವೆ. ಅದು ಖನಿಜ ಕೂಡಿದ ತೆಳುಪದರವೇ ಹೊರತು ಭಾರ ಹೊರುವ ಮೂಳೆಯಲ್ಲ.

ಮೂಳೆಗೆ ಹಂದರ ಬೇಕು, ರಕ್ತನಾಳಗಳು ಬೇಕು. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಗೋರ್ಡಾನಾ ವುನ್ಯಾಕ್-ನೊವಾಕೊವಿಚ್ ಅವರ ತಂಡ, 2016ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕೋಶಗಳನ್ನೆಲ್ಲ ತೊಳೆದು ತೆಗೆದ ದನದ ಮೂಳೆಯನ್ನು ದವಡೆಯ ಆಕಾರಕ್ಕೆ ಕೆತ್ತಿ, ಅದರಲ್ಲಿ ಒಂದು ಹಂದಿಯ ಕೊಬ್ಬಿನ ಕಾಂಡಕೋಶಗಳನ್ನು ಬಿತ್ತಿ, ಪೋಷಕದ್ರವ ಸದಾ ಹರಿಯುವ ಪಾತ್ರೆಯಲ್ಲಿ ಮೂರು ವಾರ ಬೆಳೆಸಿ, ಅದೇ ಹಂದಿಗೆ ಜೋಡಿಸಿತು. ಆರು ತಿಂಗಳಲ್ಲಿ ಹೊಸ ಮೂಳೆ ಕೂಡಿಕೊಂಡಿತ್ತು. ಅಲ್ಲಿಯೂ ಶಸ್ತ್ರಚಿಕಿತ್ಸೆ ತಪ್ಪಲಿಲ್ಲ.

ಜರ್ಮನಿಯಲ್ಲಿ ಕೊಬ್ಬಿನ ಕಾಂಡಕೋಶಗಳನ್ನು ಬಳಸಿ ಏಳು ವರ್ಷದ ಬಾಲಕಿಯ ತಲೆಬುರುಡೆ ಗುಣವಾದ 2004ರ ವರದಿ ನಿಜ. ಆದರೆ ಆಗ ಆಕೆಯ ಸೊಂಟದ ಮೂಳೆಯನ್ನೂ ಬಳಸಲಾಗಿತ್ತು. ಆದ್ದರಿಂದ ಗುಣವಾದದ್ದು ಕೊಬ್ಬಿನ ಕೋಶಗಳಿಂದಲೇ ಎನ್ನಲಾಗದು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ, ರಕ್ತದ ಕಾಯಿಲೆಗಳನ್ನು ಬಿಟ್ಟರೆ ಉಳಿದ ಕಾಂಡಕೋಶ ಬಳಕೆ ಸಂಶೋಧನೆಯ ಹಂತದಲ್ಲಿದೆ. ಯಾರಾದರೂ ಹಣ ಕೇಳಿದರೆ, ಪ್ರಯೋಗದ ನೋಂದಣಿ ಸಂಖ್ಯೆಯನ್ನೂ ನೈತಿಕ ಸಮಿತಿಯ ಅನುಮತಿಯನ್ನೂ ದಯವಿಟ್ಟು ಮೊದಲು ಕೇಳಿ.