ಮಾಡಿ ಕಲಿಯಿರಿ, ಮುಟ್ಟಬೇಡಿ

ಬಾಗಿಲ ಮೇಲೆ ‘ಟಿಂಕರಿಂಗ್ ಲ್ಯಾಬ್’ ಅಂತ ಫ್ಲೆಕ್ಸು. ಅದರ ಕೆಳಗೆ ‘ಅನುಮತಿಯಿಲ್ಲದೆ ಯಾವ ವಸ್ತುವನ್ನೂ ಮುಟ್ಟತಕ್ಕದ್ದಲ್ಲ’ ಅಂತ ಎ4 ಹಾಳೆ. ಅದರ ಕೆಳಗೆ ಬೀಗ. ಟಿಂಕರಿಂಗ್ ಅಂದರೆ ಬಿಚ್ಚುವುದು, ಕೆದಕುವುದು, ಕೆಡಿಸುವುದು, ಮತ್ತೆ ಜೋಡಿಸುವುದು. ಇದನ್ನೂ ಆ ಹಾಳೆಯನ್ನೂ ಒಂದೇ ಬಾಗಿಲಿಗೆ ಅಂಟಿಸಿದ್ದಾರಲ್ಲ, ಲ್ಯಾಬಿನಲ್ಲಿ ಇದುವರೆಗೆ ಆಗಿರುವ ಆವಿಷ್ಕಾರ ಅದೊಂದೇ.

ನೀತಿ ಆಯೋಗದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆ ಬಂದದ್ದು 2016ರಲ್ಲಿ. ಆರರಿಂದ ಹನ್ನೆರಡನೇ ಕ್ಲಾಸಿನ ಮಕ್ಕಳಿಗಾಗಿ, ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನ. ಅರ್ಧ ಸಾಮಾನಿಗೆ, ಅರ್ಧ ನಡೆಸುವ ಖರ್ಚಿಗೆ. ಈಗಾಗಲೇ 10,000 ಲ್ಯಾಬುಗಳಿವೆ. ಐದು ವರ್ಷದಲ್ಲಿ ಸರ್ಕಾರಿ ಶಾಲೆಗಳಲ್ಲಿ ಇನ್ನೂ 50,000 ತೆರೆಯುತ್ತೇವೆ ಅಂತ 2025ರ ಬಜೆಟ್ಟಿನಲ್ಲಿ ಹೇಳಿದ್ದಾರೆ. ಬೀಗದ ವ್ಯಾಪಾರಿಗಳಿಗೆ ಒಳ್ಳೆ ಕಾಲ. ನಿಜವಾಗಿ ನಡೆಯುವ ಲ್ಯಾಬುಗಳೂ ಇವೆ ಅನ್ನಿ. ಒಳಗೆ ಕಾಲಿಟ್ಟರೆ ಸೋಲ್ಡರಿಂಗ್ ಹೊಗೆಯ ವಾಸನೆ ಬರುತ್ತದೆ. ಇಲ್ಲಿ ಮಾತಾಡುತ್ತಿರುವುದು ರೂಮ್ ಫ್ರೆಶ್ನರ್ ವಾಸನೆಯವುಗಳ ಬಗ್ಗೆ.

ಎಲ್ಲದಕ್ಕೂ ಮೂಲ ದಾಸ್ತಾನು ವಹಿ. ಎಲ್‌ಇಡಿ ಉರಿಸುವುದು ಮೊದಲ ಪಾಠ ತಾನೆ? ಕೆಂಪು ಎಲ್‌ಇಡಿಯನ್ನು ನೇರವಾಗಿ 5 ವೋಲ್ಟಿಗೆ ಚುಚ್ಚಿದರೆ ಒಂದು ಸಲ ಜೋರಾಗಿ ಬೆಳಗಿ ಶಿವಾ ಅನ್ನುತ್ತದೆ. ನಡುವೆ ಕರೆಂಟಿಗೆ ಕಡಿವಾಣ ಹಾಕುವ 220 ಓಮ್ ರೆಸಿಸ್ಟರ್ ಇಟ್ಟರೆ ಎಲ್‌ಇಡಿ ತನ್ನ 2 ವೋಲ್ಟ್ ಇಟ್ಟುಕೊಂಡು, ಉಳಿದ 3 ವೋಲ್ಟ್ ರೆಸಿಸ್ಟರಿಗೆ ಬಿಟ್ಟು, 14 ಮಿಲಿಆಂಪಿನಲ್ಲಿ ವರ್ಷಗಟ್ಟಲೆ ಬಾಳುತ್ತದೆ. ಸುಟ್ಟದ್ದೊಂದು ಅಂಗೈಯಲ್ಲಿದ್ದರೆ ಓಮನ ನಿಯಮ ಬಾಯಿಪಾಠ ಮಾಡಬೇಕಿಲ್ಲ. ಆದರೆ ಎರಡು ರೂಪಾಯಿಯ ಆ ಎಲ್‌ಇಡಿಗೆ ವಹಿಯಲ್ಲಿ ಕ್ರಮಸಂಖ್ಯೆ ಇದೆ. ಆಡಿಟ್‌ನವರು ಕೇಳುತ್ತಾರೆ: ‘ನೂರು ಇತ್ತಲ್ಲ ಮೇಷ್ಟ್ರೇ, ತೊಂಬತ್ತೊಂಬತ್ತು ಯಾಕಿದೆ?’ ಷರಾ ಕಾಲಮ್ಮಿನಲ್ಲಿ ‘ಓಮನ ನಿಯಮದಿಂದ’ ಅಂತ ಬರೆಯುವ ಧೈರ್ಯ ಯಾರಿಗಿದೆ? ಹಾಗಾಗಿ ನೂರೂ ಬೀರುವಿನಲ್ಲಿ ಕ್ಷೇಮ. ಮಕ್ಕಳಿಗೆ ಎಲ್‌ಇಡಿಯ ಚಿತ್ರ ಬರೆದು ಭಾಗಗಳನ್ನು ಗುರುತಿಸುವ ಹೋಂವರ್ಕ್.

ಬೀಗ ತೆಗೆಯುವುದು ವಿಜ್ಞಾನ ಪ್ರದರ್ಶನಕ್ಕೆ. ಆಗ ಒಳಗಿಂದ ಮೆರವಣಿಗೆ ಹೊರಡುವ ಉತ್ಸವಮೂರ್ತಿ, ಸ್ಮಾರ್ಟ್ ಕಸದಬುಟ್ಟಿ. ಕಿಟ್ ಮಾರಿದ ಕಂಪನಿಯ ಹುಡುಗ ಹಿಂದಿನ ರಾತ್ರಿ ಬಂದು ಜೋಡಿಸಿ ಹೋಗಿರುತ್ತಾನೆ. ಮಕ್ಕಳ ಪಾಲಿಗೆ ‘ರೆಸ್ಪೆಕ್ಟೆಡ್ ಜಡ್ಜಸ್’ ಅಂತ ಶುರುವಾಗುವ ಕಂಠಪಾಠ. ಕೈ ಹತ್ತಿರ ಬಂದದ್ದನ್ನು ಅಲ್ಟ್ರಾಸಾನಿಕ್ ಸೆನ್ಸರ್ ಕಂಡುಹಿಡಿಯಬೇಕು, ಸರ್ವೋ ಮೋಟರ್ ಮುಚ್ಚಳ ಎತ್ತಬೇಕು. ಮುಖ್ಯ ಅತಿಥಿಗಳು ಕೈ ಚಾಚುತ್ತಾರೆ. ಮುಚ್ಚಳ ಚಳಿಜ್ವರ ಬಂದವರಂತೆ ನಡುಗಿ ಸುಮ್ಮನಾಗುತ್ತದೆ. ಇನ್ನೊಮ್ಮೆ ಚಾಚುತ್ತಾರೆ. ಇನ್ನೊಮ್ಮೆ ನಡುಗುತ್ತದೆ.

ರೋಗ ಗೊತ್ತಿರುವಂಥದ್ದೇ. ಸೆನ್ಸರಿನ ಮಾತು ಕೇಳಿ ಮೋಟರಿಗೆ ಅಪ್ಪಣೆ ಕೊಡುವ ಆರ್ಡುಯಿನೋ ಬೋರ್ಡಿಗೂ ಸರ್ವೋಗೂ ಸೇರಿ ಒಂದೇ 9 ವೋಲ್ಟಿನ ಚೌಕದ ಬ್ಯಾಟರಿ. ಮೋಟರ್ ಹೊರಡುವಾಗ ಕೇಳುವಷ್ಟು ಕರೆಂಟನ್ನು ಅದು ಕೊಡಲಾರದು. ವೋಲ್ಟೇಜ್ ಕುಸಿಯುತ್ತದೆ, ಆರ್ಡುಯಿನೋ ರೀಸೆಟ್ ಆಗುತ್ತದೆ, ಮತ್ತೆ ಮೊದಲಿಂದ. ಸರ್ವೋಗೆ ಬೇರೆಯಾಗಿ ನಾಲ್ಕು ಪೆನ್‌ಸೆಲ್ ಕೊಟ್ಟು, ಅವುಗಳ ಮೈನಸ್ ತಂತಿಯನ್ನು ಬೋರ್ಡಿನ ಗ್ರೌಂಡಿಗೆ ಸೇರಿಸಿದರೆ ಆಯಿತು. ಸೇರಿಸುವುದು ಮರೆತರೆ ನಡುಕ ಇನ್ನೂ ಜಾಸ್ತಿ. ಕೋಡಿನಲ್ಲೂ ಒಂದು ಎಡವಟ್ಟು ಇರುತ್ತದೆ: ಸೆನ್ಸರ್ ಬಿಟ್ಟ ಶಬ್ದ ಕೈಗೆ ಬಡಿದು ವಾಪಸ್ ಬರುವ ಹೊತ್ತನ್ನು ಎರಡರಿಂದ ಭಾಗಿಸಿರುವುದಿಲ್ಲ, 15 ಸೆಂಟಿಮೀಟರಿನಲ್ಲಿರುವ ಕೈ 30ರಲ್ಲಿದೆ ಅಂತ ತೋರುತ್ತದೆ. ಸ್ಕೇಲು ಹಿಡಿದು ಅಳೆದು ನೋಡಿದರೆ ಏಳನೇ ಕ್ಲಾಸಿನ ಹುಡುಗಿಯೂ ಹತ್ತು ನಿಮಿಷದಲ್ಲಿ ಹಿಡಿಯುತ್ತಾಳೆ. ಆದರೆ ಅವಳ ಕೈಯಲ್ಲಿ ಆರತಿ ತಟ್ಟೆ ಇದೆ.

ಬಹುಮಾನ ಬಂದೇ ಬರುತ್ತದೆ. ಹೂಗುಚ್ಛ ಸುತ್ತಿದ ಪ್ಲಾಸ್ಟಿಕ್ ಹಾಳೆ ಬುಟ್ಟಿಯ ಪಕ್ಕದಲ್ಲಿ ಬೀಳುತ್ತದೆ.

ತ್ರೀಡಿ ಪ್ರಿಂಟರಿನದು ಚಿಕ್ಕ ಕಥೆ. ಉದ್ಘಾಟನೆಯ ದಿನ ಅತಿಥಿಗಳ ಹೆಸರಿನ ಕೀಚೈನ್‌ಗೆ ಹಾಕಿದ್ದರು. ವಂದನಾರ್ಪಣೆ ಮುಗಿದರೂ ಹೆಸರು ಮುಗಿದಿರಲಿಲ್ಲ. ಅಂದು ಏರಿಸಿದ ಪಿಎಲ್‌ಎ ಸುರುಳಿ ಅಲ್ಲೇ ಎರಡು ಮಳೆಗಾಲ ನೋಡಿದೆ. ಅದು ತೇವ ಹೀರುವ ಪ್ಲಾಸ್ಟಿಕ್, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬಿಯಲ್ಲಿಡಬೇಕಿತ್ತು. ಈಗ ಬಗ್ಗಿಸಿದರೆ ಒಣ ಶಾವಿಗೆಯಂತೆ ಮುರಿಯುತ್ತದೆ, 200 ಡಿಗ್ರಿಯ ನಾಜಲ್‌ಗೆ ಹೋದರೆ ಒಗ್ಗರಣೆ ಸಾಸಿವೆಯಂತೆ ಚಟಪಟ ಅನ್ನುತ್ತದೆ. ಪ್ರಿಂಟರ್ ಕೆಟ್ಟಿದೆ ಅಂತ ಷರಾ ಬರೆದು ಪ್ಲಾಸ್ಟಿಕ್ ಕವರ್ ಹೊದಿಸಿದ್ದಾರೆ.

ಆಯುಧಪೂಜೆಗೆ ಮಾತ್ರ ಆ ಕವರ್ ತೆಗೆಯುತ್ತಾರೆ. ಪ್ರಿಂಟರಿಗೆ ಚೆಂಡುಹೂವಿನ ಹಾರ, ಸೋಲ್ಡರಿಂಗ್ ಐರನ್ನಿಗೆ ವಿಭೂತಿ, ಮಲ್ಟಿಮೀಟರಿನ ತೂತುಗಳಿಗೆಲ್ಲ ಕುಂಕುಮ. ಬಾಗಿಲಿಗೆ ಸಾಲಾಗಿ ನಾಲ್ಕು ನಿಂಬೆಹಣ್ಣು ಕಟ್ಟಿ ಮತ್ತೆ ಬೀಗ.

ಒಂದೊಂದು ನಿಂಬೆಹಣ್ಣಿಗೆ ಒಂದು ಸತುವು ಲೇಪಿಸಿದ ಮೊಳೆ, ಒಂದು ತುಂಡು ತಾಮ್ರದ ತಂತಿ ಚುಚ್ಚಿದರೆ ಸುಮಾರು 0.9 ವೋಲ್ಟ್ ಹುಟ್ಟುತ್ತದೆ. ನಾಲ್ಕನ್ನೂ ಸರಣಿಯಲ್ಲಿ ಜೋಡಿಸಿದರೆ ಕೆಂಪು ಎಲ್‌ಇಡಿ ಮಂಕಾಗಿ ಉರಿದೀತು, ನಿಂಬೆ ಕೊಡುವ ಕರೆಂಟೇ ಕಮ್ಮಿಯಾದ್ದರಿಂದ ರೆಸಿಸ್ಟರ್ ಕೂಡ ಬೇಡ. ಎಲ್‌ಇಡಿಗೆ ಪೇಟೆಯ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಎರಡು ರೂಪಾಯಿ. ನಿಂಬೆಹಣ್ಣಿನ ಹೆಸರು ದಾಸ್ತಾನು ವಹಿಯಲ್ಲಿಲ್ಲ, ಮಕ್ಕಳು ಮುಟ್ಟಬಹುದು.